ಕೆರೆಯಂಗಳದ ಬಿಡಾಡಿ ಕುದುರೆಗಳು

“ಕುದ್ರೆ ಲದ್ದಿ ಬಾಚೋರ ಮನೇಲಿ ಡಿಗ್ರಿನಾ? ಆಗೋ ಮಾತಾ ಇದು?” ಎಂದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಊರಲ್ಲಿ ಬೇರೆಯವರೂ ಅಂದಿರಬಹುದು. ಆದರೆ ನನ್ನ ಮುಖಕ್ಕೇ, ರಾಗಿ ಬೀಸುತ್ತ, ಬೀಸುಕಲ್ಲಿನ ಗೂಟದಿಂದ ಕೈ ತೆಗೆಯದೆ ಅಂದವಳು ಅವಳು. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದಳು. ನಾನು ಎಸ್ಸೆಸ್ಸೆಲ್ಸಿ ಪಾಸಾದ ದಿನವೂ ಅದನ್ನೇ ಅಂದಳು, ಬಿ.ಎಸ್ಸಿ.ಗೆ ಸೇರಿದ ದಿನವೂ ಅಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ವಂಶದಲ್ಲಿ ಅಲ್ಲಿಯವರೆಗೆ ಸಹಿ ಹಾಕಲು ಬರುತ್ತಿದ್ದವರೇ ಇರಲಿಲ್ಲ. ಕಂಡದ್ದನ್ನು ಹೇಳಿದಳು, ಅಷ್ಟೆ.

ಲದ್ದಿ ಬಾಚಿದ್ದೂ ಸುಳ್ಳಲ್ಲ. ಯುದ್ಧದ ಕಾಲದಲ್ಲಿ ಅಪ್ಪ ಯಲಹಂಕದ ಕಡೆಯ ಒಂದು ಮಿಲಿಟರಿ ಕ್ಯಾಂಪಿನಲ್ಲಿ ಸೈಸನಾಗಿದ್ದ. ಕುದುರೆಯ ಮೈ ತಿಕ್ಕುವುದು, ಮೇವು ಹಾಕುವುದು, ಲಾಳ ಸಡಿಲವಾಗಿದೆಯೇ ನೋಡುವುದು, ಲಗಾಮು ಹಿಡಿದು ನಡೆಸುವುದು ಅವನ ಕೆಲಸ. ನಡೆಸಬಹುದಿತ್ತು, ಹತ್ತುವಂತಿರಲಿಲ್ಲ. ಹತ್ತುವವರು ಬೇರೆ. ಅಲ್ಲೇ ಒಂದು ಹೇಸರಗತ್ತೆ ಒದ್ದು ಅವನ ಬಲಮಂಡಿ ಸರಿದುಹೋಯಿತು. ಅಂದಿನಿಂದ ಅಪ್ಪ ನಡೆದರೆ ಒಂದು ಕಾಲು ಮುಂದೆ, ಇನ್ನೊಂದು ಅದರ ಹಿಂದೆ ಎಳೆದುಕೊಂಡು.

ನಮ್ಮೂರು ಯಲಹಂಕದ ಹತ್ತಿರದ ಸಿಂಗಾಪುರ ಹಳ್ಳಿಯ ಪಕ್ಕ. ಈಗ ಅಲ್ಲಿ ನಿಂತು “ಇಲ್ಲೇ ನಮ್ಮ ಹೊಲ ಇತ್ತು” ಎಂದು ತೋರಿಸಲು ಹೋದರೆ ಯಾರದ್ದೋ ಮನೆಯ ಗೇಟಿನತ್ತ ಕೈ ಹೋಗುತ್ತದೆ. ಆಗ ಹಾಗಲ್ಲ. ಮನೆಯ ಹಿತ್ತಿಲು ದಾಟಿದರೆ ಹೊಲ, ಹೊಲ ದಾಟಿದರೆ ಕೆರೆಯಂಗಳ, ಅದರಾಚೆ ಗೋಮಾಳ. ಅಲ್ಲಿಂದ ಹೆಸರಘಟ್ಟದವರೆಗೂ ಹುಲ್ಲು, ಹೊಲ, ಹುಲ್ಲು.

ಆ ಕೆರೆಯಂಗಳದಲ್ಲಿ ಕುದುರೆಗಳಿದ್ದವು. ಯಾರ ಕುದುರೆಯೂ ಅಲ್ಲ. ಬಿಡಾಡಿ ಕುದುರೆಗಳು ಅನ್ನುತ್ತಿದ್ದೆವು.

ಕುದುರೆ ನಮ್ಮ ಸೀಮೆಯ ಪ್ರಾಣಿಯಲ್ಲ. ನಮ್ಮದು ಎತ್ತು, ಎಮ್ಮೆ, ಕುರಿ. ಇವು ಬಂದದ್ದು ಗೂಡ್ಸ್ ರೈಲಿನಲ್ಲಿ. ಯಲಹಂಕ ಸ್ಟೇಷನ್ನಿನಲ್ಲಿ ಡಬ್ಬಿಯ ಬಾಗಿಲು ತೆಗೆದರೆ ದಿನಗಟ್ಟಲೆ ನಿಂತೇ ಬಂದ ಕುದುರೆಗಳು ನೆಲಕ್ಕೆ ಕಾಲಿಡಲು ಹೆದರಿ ನಡುಗುತ್ತಿದ್ದವಂತೆ. ಒಂದೊಂದರ ಗೊರಸಿನ ಮೇಲೂ ಕಾಸಿದ ಕಬ್ಬಿಣದಲ್ಲಿ ಸುಟ್ಟ ನಂಬರು. ಯುದ್ಧ ಮುಗಿದಾಗ ಒಳ್ಳೆಯವನ್ನು ಮತ್ತೆ ರೈಲು ಹತ್ತಿಸಿದರು. ಕುಂಟು ಬಿದ್ದವು, ಕಣ್ಣು ಮಂಜಾದವು, ಹಟಮಾರಿಗಳು ಇಲ್ಲೇ ಹರಾಜಾದವು. ಯಶವಂತಪುರದ ಜಟಕಾದವರು ಹಿಡಿದುಕೊಂಡು ಹೋದರು. ಕೆಲವು ವರ್ಷ ಅವು ಜಟಕಾ ಎಳೆದವು. ಆಮೇಲೆ ಬಸ್ಸು ಹೆಚ್ಚಾಯಿತು, ಆಟೋ ಬಂತು, ಜಟಕಾಕ್ಕೆ ಕೂರುವವರು ಕಡಿಮೆಯಾದರು.

ದುಡಿಮೆಯಿಲ್ಲದ ಕುದುರೆಯನ್ನು ಏನು ಮಾಡುವುದು? ಕಟುಕನಿಗೆ ಕೊಡಲು ಜಟಕಾದವರಿಗೆ ಮನಸ್ಸು ಬರುತ್ತಿರಲಿಲ್ಲ. ಅವರಲ್ಲೊಂದು ಪದ್ಧತಿ ಬೆಳೆಯಿತು. ಅದಕ್ಕೆ ಹಗ್ಗ ಬಿಚ್ಚುವುದು ಎನ್ನುತ್ತಿದ್ದರು. ಕುದುರೆಯನ್ನು ನಮ್ಮ ಕೆರೆಯಂಗಳದಂಥ ನೀರು, ಹುಲ್ಲು ಇರುವ ಕಡೆಗೆ ನಡೆಸಿಕೊಂಡು ಬರುವುದು, ಒಂದು ಬೊಗಸೆ ನೆನೆಸಿದ ಹುರುಳಿ ತಿನ್ನಿಸುವುದು, ಕತ್ತಿನ ಹಗ್ಗ ಬಿಚ್ಚಿ ಹೆಗಲಿಗೆ ಹಾಕಿಕೊಂಡು ತಿರುಗಿ ನೋಡದೆ ಹೊರಟುಹೋಗುವುದು. ತಿರುಗಿ ನೋಡಿದರೆ ಕುದುರೆ ಹಿಂದೆಯೇ ಬರುತ್ತದೆ ಎಂಬ ನಂಬಿಕೆ. ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗ ಬಿಳಿಗಡ್ಡದ ಸಾಬರೊಬ್ಬರು ಹಾಗೆ ಬಿಟ್ಟುಹೋದದ್ದನ್ನು ನೋಡಿದ್ದೇನೆ. ಅವರು ತಿರುಗಲಿಲ್ಲ. ಆದರೆ ಕೆರೆ ಏರಿ ಮುಗಿಯುವ ತನಕ ಹೆಗಲ ಮೇಲಿನ ಹಗ್ಗವನ್ನು ಸವರುತ್ತಲೇ ಹೋದರು.

ಹಾಗೆ ಒಂದು ಎರಡಾಗಿ, ಎರಡು ಹತ್ತಾಗಿ, ಮರಿಗಳೂ ಹುಟ್ಟಿದವು. ಆ ಮರಿಗಳು ಹಗ್ಗ ಕಂಡವಲ್ಲ, ಮನುಷ್ಯನ ಕೈ ಕಂಡವಲ್ಲ. ಮೊದಮೊದಲು ಒಂದೆರಡು ಹೇಸರಗತ್ತೆಗಳೂ ಇದ್ದವು. ಅವಕ್ಕೆ ಮರಿಯಾಗುವುದಿಲ್ಲ, ಒಂದೊಂದಾಗಿ ಇಲ್ಲವಾದವು. ಗುಂಪಿನ ಯಜಮಾನಿ ಒಂದು ಬೂದು ಬಣ್ಣದ ಮುದಿ ಹೆಣ್ಣುಕುದುರೆ. ಎಡಗಿವಿ ತುದಿಯಲ್ಲಿ ಸೀಳಿತ್ತು. ಆ ಸೀಳು ನೋಡಿಯೇ ಅಪ್ಪ ಗುರುತು ಹಿಡಿದದ್ದು. “ಇದು ಕ್ಯಾಂಪ್ನಾಗೆ ನನ್ ಲೈನಿನ್ದು ಕಣವ್ವ. ನಾನೇ ಮೈ ತಿಕ್ಕಿದ್ದೀನಿ ಇದ್ಕೆ” ಎಂದ. ಗೊರಸು ಬೆಳೆಯುತ್ತ ಬೆಳೆಯುತ್ತ ನಂಬರು ಎಂದೋ ಸವೆದುಹೋಗಿತ್ತು.

ಚಳಿಗಾಲದ ಬೆಳಗಿನ ಮಂಜಿನಲ್ಲಿ ಅವು ನೀರಿನಂಚಿಗೆ ಬರುವುದನ್ನು ನೋಡಬೇಕಿತ್ತು. ಮೊದಲು ಉಸಿರಿನ ಹೊಗೆ ಕಾಣುತ್ತಿತ್ತು, ಆಮೇಲೆ ಕಿವಿ, ಆಮೇಲೆ ಕುದುರೆ. ಇಷ್ಟು ವರ್ಷವಾದರೂ ನನ್ನ ಊರು ಎಂದರೆ ಮೊದಲು ಕಣ್ಣಿಗೆ ಬರುವುದು ಅದೇ. ಆದರೆ ಚೆಂದ ನೋಡಿಕೊಂಡು ಕೂತರೆ ಹೊಟ್ಟೆಗೆ ಹಿಟ್ಟಿಲ್ಲ. ದನ ಹುಲ್ಲನ್ನು ನಾಲಿಗೆಯಲ್ಲಿ ಸುತ್ತಿ ಎಳೆದು ತಿನ್ನುತ್ತದೆ, ಬುಡ ಉಳಿಯುತ್ತದೆ. ಕುದುರೆ ಹಲ್ಲಿನಲ್ಲಿ ಬುಡಕ್ಕೇ ಕತ್ತರಿಸುತ್ತದೆ. ಅವು ಹೆಚ್ಚಾದ ಮೇಲೆ ಗೋಮಾಳದಲ್ಲಿ ಒಳ್ಳೆಯ ಹುಲ್ಲು ಹೋಗಿ ಮುಳ್ಳುಗಿಡ ಏಳತೊಡಗಿತು. ಕೆರೆ ಏರಿಯ ಒಳಮೈಯನ್ನು ಹತ್ತಿ ಇಳಿದು ಮಣ್ಣು ಜಾರಿಸಿದವು. ರಾಗಿ ತೆನೆ ಹಾಲುಗಟ್ಟುವ ಹೊತ್ತಿಗೆ, ಬೆಳಕು ಹರಿಯುವ ಮುಂಚೆ, ಸಾಲಾಗಿ ಹೊಲಕ್ಕೆ ಬಂದು ತೆನೆ ಸವರಿಕೊಂಡು ಹೋಗುತ್ತಿದ್ದವು.

ಕೆರೆಗೆ ಅಂಟಿಕೊಂಡ ಮೊದಲ ಹೊಲ ನಮ್ಮದೇ. ಕಾಯಬೇಕಾದವಳು ನಾನು. ಅಪ್ಪನಿಗೆ ಓಡಲಾಗದು. ಅಮ್ಮ ಕತ್ತಲಲ್ಲೇ ಹಾಲು ಹೊತ್ತು ಯಲಹಂಕಕ್ಕೆ ಹೋಗುವವಳು. ಅತ್ತೆಗೆ ಕುದುರೆ ಎಂದರೆ ಜೀವಭಯ. ಮದುವೆಯಾದ ಹೊಸತರಲ್ಲಿ ಜಟಕಾ ಮಗುಚಿ ಅವಳ ಮೊಣಕೈ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಕುದುರೆ ಕೆನೆದರೆ ಸಾಕು, ಒಳಗಿಂದ ಅಗುಳಿ ಹಾಕಿಕೊಳ್ಳುತ್ತಿದ್ದಳು. ಹಾಗಾಗಿ ಕೋಲು, ತಗಡಿನ ಡಬ್ಬ ಹಿಡಿದು ಬದುವಿನ ಮೇಲೆ ಓಡಾಡುವ ಕೆಲಸ ನನ್ನದಾಯಿತು.

ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಕಷ್ಟ ಶುರುವಾದದ್ದು ಅಲ್ಲಿಂದಲೇ. ಕಾಲೇಜು ಇದ್ದದ್ದು ಪೇಟೆಯಲ್ಲಿ. ಯಲಹಂಕ ಸ್ಟೇಷನ್ನಿಗೆ ಒಂದು ಗಂಟೆ ನಡೆದು, ಯಶವಂತಪುರದ ಮೇಲೆ ಹೋಗುವ ಬೆಳಗಿನ ರೈಲು ಹಿಡಿದರೆ ಮಾತ್ರ ಮೊದಲ ಪೀರಿಯಡ್ಡಿಗೆ ಸೇರಬಹುದು. ಆ ವರ್ಷ ಕೆಮಿಸ್ಟ್ರಿ ಪ್ರಾಕ್ಟಿಕಲ್ ಅನ್ನು ಮೊದಲ ಪೀರಿಯಡ್ಡಿಗೇ ಹಾಕಿದ್ದರು. ಕುದುರೆಗಳು ಹೊಲ ಬಿಟ್ಟು ಹೋಗುವ ಹೊತ್ತಿಗೆ ನನ್ನ ರೈಲು ಕೂಗಿ ಹೊರಟಿರುತ್ತಿತ್ತು. ವಾರಕ್ಕೆ ಎರಡು ದಿನ ತಪ್ಪಿತು, ಕೆಲವು ವಾರ ಮೂರು. ತೆನೆ ಬಲಿಯುವ ಹೊತ್ತಿಗೆ ಆಫೀಸಿನ ಗುಮಾಸ್ತರು ಕರೆದು ರಿಜಿಸ್ಟರ್ ತೋರಿಸಿದರು.

“ಏನಮ್ಮಾ ಇದು? ಹಾಜರಿಗಿಂತ ಗೈರುಹಾಜರಿನೇ ಜಾಸ್ತಿ ಕಾಣ್ತಿದ್ಯಲ್ಲ. ಮದ್ವೆ ಗೊತ್ತಾಗಿದ್ಯಾ?”

“ಇಲ್ಲ ಸಾರ್. ಕುದುರೆ ಕಾಯ್ಬೇಕು.”

ಅವರು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು. “ಅದೇನಾದ್ರೂ ಇರ್ಲಿ. ಇನ್ನು ಪ್ರಾಕ್ಟಿಕಲ್ಸ್ ಒಂದೇ ಒಂದು ದಿನ ತಪ್ಪಿದ್ರೂ ಹಾಲ್ ಟಿಕೆಟ್ ಬರಲ್ಲ. ಇನ್ನೊಂದು ವರ್ಷ ಬಂದು ಕೂತ್ಕೋಬೇಕಾಗುತ್ತೆ.”

ಇನ್ನೊಂದು ವರ್ಷ ಎಂಬುದು ನಮ್ಮ ಮನೆಯಲ್ಲಿ ಇರಲಿಲ್ಲ. ಇದೊಂದು ವರ್ಷ ಮುಗಿದ ಮೇಲೆ ನನ್ನನ್ನು ಯಾರಿಗಾದರೂ ಕೊಡುವುದೆಂದು ಬಂಧುಗಳೆಲ್ಲ ಆಗಲೇ ನಿಶ್ಚಯಿಸಿಕೊಂಡಿದ್ದರು. ತಪ್ಪಿದರೆ ತಪ್ಪಿತು, ಅಲ್ಲಿಗೆ ಮುಗಿಯಿತು.

ಸಂಜೆ ಬಂದು ಹೇಳಿದೆ. ಅತ್ತೆ ಬೀಸುಕಲ್ಲು ನಿಲ್ಲಿಸಲಿಲ್ಲ. “ನಾನ್ ಏಳ್ಳಿಲ್ವಾ?” ಎಂದಳು. ಅಪ್ಪ ಎದ್ದು ಅಟ್ಟದ ಮೇಲಿಂದ ಒಂದು ಹಳೇ ಚೀಲ ಇಳಿಸಿದ. ತೋಬ್ರ. ಕುದುರೆಯ ಮೂತಿಗೆ ಕಟ್ಟಿ ಹುರುಳಿ ತಿನ್ನಿಸುವ ದಪ್ಪ ಬಟ್ಟೆಯ ಚೀಲ. ಕ್ಯಾಂಪು ಎತ್ತಿದಾಗ ಅಲ್ಲಿಂದ ತಂದದ್ದು ಅದೊಂದೇ.

ಮಾರನೆಯ ಬೆಳಗ್ಗೆ ಅದರೊಳಗೆ ಹುರುಳಿ ಹೊಟ್ಟು ಹಾಕಿಕೊಂಡು ಹೊಲಕ್ಕಲ್ಲ, ಕೆರೆಯ ಆಚೆ ದಡಕ್ಕೆ ಹೋದ. ಚೀಲವನ್ನು ಮಂಡಿಗೆ ಬಡಿದು, “ಆಜಾ ಬೇಟಾ, ಆಜಾ ಆಜಾ” ಎಂದು ಕ್ಯಾಂಪಿನ ಮಾತಿನಲ್ಲಿ ಕೂಗಿದ. ನಮ್ಮ ರಾಗಿಯ ಬದುವಿನವರೆಗೆ ಬಂದಿದ್ದ ಬೂದು ಕುದುರೆ ತಲೆ ಎತ್ತಿತು. ಸೀಳುಗಿವಿ ತಿರುಗಿತು. ಆಮೇಲೆ, ಅದು ನಡೆಯಲಿಲ್ಲ, ಓಡಿತು! ಅದರ ಹಿಂದೆ ಇಡೀ ಗುಂಪು. ಅಷ್ಟು ವರ್ಷ ಯಾರೂ ಆ ಕೂಗು ಕೂಗಿರಲಿಲ್ಲ, ಆದರೂ ಅದು ಮರೆತಿರಲಿಲ್ಲ. ನಾನು ಕೋಲು ಅಲ್ಲೇ ಎಸೆದು ಸ್ಟೇಷನ್ನಿನ ಕಡೆ ಓಡಿದೆ.

ಆಮೇಲೆ ಒಂದು ದಿನವೂ ರೈಲು ತಪ್ಪಲಿಲ್ಲ. ಅಪ್ಪ ದಿನಾ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಅಷ್ಟೇ ಹೊಟ್ಟು. ಹೊತ್ತು ತಪ್ಪಿದರೆ ಕುದುರೆಗೆ ಹೊಟ್ಟೆನೋವು ಬರುತ್ತದೆಂದು ಕ್ಯಾಂಪಿನಲ್ಲಿ ಕಲಿತಿದ್ದ. ಅದೇ ಅವನು ಮಾಡಿದ ತಪ್ಪು. ರೈತನಾದವನು ಕಲ್ಲು ಹೊಡೆದು ಓಡಿಸುತ್ತಿದ್ದ. ಸೈಸನಾಗಿದ್ದವನು ಮಾತ್ರ ಬಿಡಾಡಿ ಕುದುರೆಗೆ ಹೊತ್ತು ಹೊತ್ತಿಗೆ ಮೇವು ಹಾಕಿಯಾನು. ತಿಂಗಳೊಳಗೆ ನಾಗಸಂದ್ರದ ಕಡೆಯ ಬಯಲಲ್ಲಿದ್ದ ಕುದುರೆಗಳೂ ಸುದ್ದಿ ತಿಳಿದವರ ಹಾಗೆ ಬಂದು ಸೇರಿಕೊಂಡವು.

ರಾಗಿ ಕೊಯ್ದು, ಎಲ್ಲರ ಮೆದೆಗಳೂ ಊರ ಕಣದಲ್ಲಿ ಒಟ್ಟಿದ್ದ ಕಾಲ. ಅಪ್ಪನಿಗೆ ಜ್ವರ ಬಂದು ಒಂದು ಬೆಳಗ್ಗೆ ಏಳಲಾಗಲಿಲ್ಲ. ಅಂದು ಭಾನುವಾರ, ನಾನು ಮನೆಯಲ್ಲಿದ್ದೆ. ಬಾಗಿಲು ತೆಗೆದ ಅತ್ತೆ “ಅಯ್ಯಯ್ಯಪ್ಪಾ!” ಎಂದು ಹಿಂದಕ್ಕೆ ಬಿದ್ದಳು. ನಮ್ಮ ಮನೆಯ ಮುಂದೆ ಬೀದಿಯುದ್ದಕ್ಕೂ ಕುದುರೆಗಳು ಒಂದರ ಪಕ್ಕ ಒಂದು ನಿಂತಿದ್ದವು. ಮೊದಲಿಗೆ ಬೂದು ಕುದುರೆ. ಎಲ್ಲವೂ ನಮ್ಮ ಬಾಗಿಲನ್ನೇ ನೋಡುತ್ತಿದ್ದವು. ಪಕ್ಕದ ಮನೆಯವನು, “ಏನಣ್ಣೋ, ಪೆರೇಡ್ ಮಡಗಿದ್ದೀಯಾ?” ಎಂದು ಕೂಗಿದ. ನಗಲು ಅವಕಾಶವಾಗಲಿಲ್ಲ. ಯಾರೋ ಡಬ್ಬ ಬಡಿದರು, ಮರಿಗಳು ಬೆದರಿ ಕಣದತ್ತ ನುಗ್ಗಿದವು. ಹಸಿದಿದ್ದವು. ಓಡಿಸುವಷ್ಟರಲ್ಲಿ ಪಕ್ಕದ ಹೊಲದ ಗೌಡರ ಮೆದೆ ಅರ್ಧಕ್ಕರ್ಧ ಚೆಲ್ಲಾಪಿಲ್ಲಿಯಾಗಿ ತುಳಿತಕ್ಕೆ ಸಿಕ್ಕಿತ್ತು.

ಪಂಚಾಯಿತಿ ಕಣದಲ್ಲೇ ಸೇರಿತು. ಅಪ್ಪ ಕಂಬಳಿ ಹೊದ್ದು ನಿಂತಿದ್ದ. ಗೌಡರು ಕೆಟ್ಟವರಲ್ಲ, ಆದರೆ ವರ್ಷದ ಹಿಟ್ಟು ಮಣ್ಣುಪಾಲಾಗಿತ್ತು.

“ಮೇವ್ ಆಕಿ ಕರ್ದೋನು ನೀನು. ಊರ್ಗೆಲ್ಲ ನೆಂಟ್ರು ಮಾಡ್ಕೊಟ್ಟಿದ್ದೀಯಲ್ಲಪ್ಪ. ಇನ್ಮುಂದೆ ಕಣ ಕಾಯೋದು ನಿನ್ ಮನೆಯೋರ್ದೇ. ಎಲ್ರ ರಾಗಿನೂ ಬಡ್ದು ಮುಗಿಯೋಗಂಟ.”

“ನನ್ ಕಾಲು ನಿಮ್ಗೇ ಗೊತ್ತಲ್ಲ ಗೌಡ್ರೇ.”

“ನಿನ್ ಮಗಳವ್ಳಲ್ಲ, ಗಟ್ಮುಟ್ಟಾಗವ್ಳೆ. ಅವ್ಳು ಕಾಯ್ಲಿ. ರೈಲ್ ಎಲ್ಗೂ ಓಡೋಗಾಕಿಲ್ಲ.”

ಎಲ್ಲರೂ ನಕ್ಕರು. ನಾನು ನಿಂತಲ್ಲೇ ಲೆಕ್ಕ ಹಾಕಿದೆ. ಎಲ್ಲರ ರಾಗಿ ಬಡಿದು ಮುಗಿಯಲು ಸಂಕ್ರಾಂತಿ ದಾಟುತ್ತದೆ. ಕಾಲೇಜು ತಪ್ಪಿಸಲು ನನಗೆ ಒಂದು ದಿನವೂ ಉಳಿದಿರಲಿಲ್ಲ.

ಅಪ್ಪ ಕಂಬಳಿಯನ್ನು ಹೆಗಲಿಗೆ ಎಳೆದುಕೊಂಡ. ಆಮೇಲೆ, “ಕುದ್ರೆನೇ ಇಲ್ದಿದ್ರೆ ಕಾಯೋದ್ ಏನೈತೆ? ನಾಳೀಕೆ ಅವುನ್ನ ಎಸ್ರುಘಟ್ಟದ್ ಬಯ್ಲಿಗೆ ಒಡ್ಕೊಂಡೋಯ್ತೀನಿ. ಬುಟ್ಬುಟ್ಟು ಬತ್ತೀನಿ” ಎಂದ.

“ನಡ್ಯಾಕಾಗ್ದೋನು ಅಷ್ಟು ದೂರ ಒಡ್ಕೊಂಡೋಗ್ತಾನಂತೆ” ಎಂದು ಯಾರೋ ಅಂದರು. ಗೌಡರು ಮಾತ್ರ, “ಆಗ್ಲಿ, ಒಂದ್ ದಿನ ನೋಡಾನ” ಎಂದರು.

ರಾತ್ರಿ ಊಟಕ್ಕೆ ಕೂತಾಗ ಅಪ್ಪನ ಯೋಚನೆ ಹೊರಬಿತ್ತು. ಅವನು ಬೂದು ಕುದುರೆಯ ಮೇಲೆ ಕೂತು ಮುಂದೆ ಹೋಗುವುದು, ಗುಂಪು ಹಿಂಬಾಲಿಸುತ್ತದೆ. ಆದರೆ ಮರಿಗಳು ದಾರಿ ಬದಿಯ ಹೊಲಗಳಿಗೆ ನುಗ್ಗದಂತೆ ಹಿಂದಿನಿಂದ ಒಬ್ಬರು ಕೋಲು ಹಿಡಿದು ನಡೆಯಬೇಕು. ಬೆಳಗ್ಗೆ ಹೊರಟರೆ ಬರುವುದು ಸಂಜೆ. ಯಾರೂ ನನ್ನ ಮುಖ ನೋಡಲಿಲ್ಲ. ಯಾರು ಹೋಗಬೇಕೆಂಬುದು ಹೇಳದೆಯೇ ಎಲ್ಲರಿಗೂ ಗೊತ್ತಿತ್ತು. ಊರವರು ಯಾರೂ ಬರುವುದಿಲ್ಲ, ಅಮ್ಮ ಹಾಲು ತಪ್ಪಿಸುವಂತಿಲ್ಲ. ಮಾರನೆಯ ದಿನ ನನಗೆ ಪ್ರಾಕ್ಟಿಕಲ್. “ನಾನು ಬರ್ತೀನಪ್ಪ” ಎಂದೆ. ಆ ಮಾತು ಹೇಗೆ ಹೊರಟಿತೋ ಇಂದಿಗೂ ತಿಳಿಯದು.

ಬೆಳಗ್ಗೆ ಎದ್ದು ಕೋಲಿಗೆ ಹುಡುಕಿದರೆ ಮೂಲೆಯಲ್ಲಿ ಕೋಲಿಲ್ಲ. ಅತ್ತೆ ಸೀರೆ ಎತ್ತಿ ಕಟ್ಟಿ, ತಲೆಗೊಂದು ವಸ್ತ್ರ ಸುತ್ತಿ, ಕೋಲು ಹಿಡಿದು ಅಂಗಳದಲ್ಲಿ ನಿಂತಿದ್ದಳು. ನನ್ನನ್ನು ಕಂಡು ಕೋಲನ್ನು ಸೊಟ್ಟ ಕೈಯಿಂದ ಒಳ್ಳೆಯ ಕೈಗೆ ಬದಲಿಸಿಕೊಂಡಳು.

“ಏನ್ ನೋಡ್ತಿದ್ದೀಯೇ, ಓಗು, ನಿನ್ ರೈಲ್ ಕೂಗ್ತದೆ.”

“ಅತ್ತೆ, ನಿಂಗೆ ಕುದುರೆ...”

“ಕುದ್ರೆ ಏನ್ ನನ್ನ ತಿಂದಾವಾ? ತಿಂದ್ರೆ ತಿನ್ಲಿ, ಮುದ್ಕಿ, ಅಗಿಯಕ್ಕೇ ಕಷ್ಟ ಆಯ್ತದೆ. ಓಗು ಅಂದೆ.”

ನಾನು ಓಡಿದೆ. ಕೆರೆ ಏರಿಯ ಮೇಲೆ ನಿಂತು ನೋಡಿದಾಗ ಅಪ್ಪ ಒಂದು ಕಲ್ಲಿನ ಮೇಲೆ ಹತ್ತಿ, ಅಲ್ಲಿಂದ ಬೂದು ಕುದುರೆಯ ಬೆನ್ನಿಗೆ ಬೋರಲಾಗಿ ಬಿದ್ದು, ನಿಧಾನಕ್ಕೆ ಎದ್ದು ಕೂತ. ಜೀನಿಲ್ಲ, ಲಗಾಮಿಲ್ಲ. ಕುದುರೆಯ ಜೊತೆಯಲ್ಲೇ ವಯಸ್ಸು ಕಳೆದವನು ಕುದುರೆ ಹತ್ತಿದ್ದು ಅದೇ ಮೊದಲು. ಬೆನ್ನು ನೆಟ್ಟಗಾಯಿತು. ಕುಂಟು ಎಲ್ಲಿ ಹೋಯಿತೋ. ಕುದುರೆಗಳು ಮಂಜಿನೊಳಕ್ಕೆ ಸಾಲು ಹಿಡಿದವು, ಎಲ್ಲಕ್ಕೂ ಹಿಂದೆ, ಬೇಕಾದಷ್ಟು ದೂರ ಬಿಟ್ಟುಕೊಂಡು, ನನ್ನತ್ತೆ. ಕುದುರೆಗಳನ್ನು ಬೈಯುವ ಅವಳ ದನಿ ಬಹಳ ಹೊತ್ತು ಕೇಳುತ್ತಿತ್ತು.

ಅಂದು ಲ್ಯಾಬಿನಲ್ಲಿ ಪಿಪೆಟ್ಟು ಹಿಡಿದರೂ ನನ್ನ ಗಮನ ಹೆಸರಘಟ್ಟದ ದಾರಿಯಲ್ಲಿತ್ತು. ರೀಡಿಂಗ್ ತಪ್ಪಿತು. ಆದರೆ ಹಾಜರಿ ಬಿತ್ತು.

ಸಂಜೆ ಮನೆಗೆ ಬಂದರೆ ಅತ್ತೆ ಕಾಲು ಚಾಚಿ ಗೋಡೆಗೆ ಒರಗಿದ್ದಳು. ಅಮ್ಮ ಬಿಸಿನೀರು ಹಾಕುತ್ತಿದ್ದಳು. ಅತ್ತೆಯ ಬಾಯಿ ನಿಂತಿರಲಿಲ್ಲ. “ಒಂದ್ ಮರಿ ಕಣೇ, ಕಂದು ಮರಿ, ದಾರಿಯುದ್ದಕ್ಕೂ ನನ್ ಸೆರಗೇ ತಿನ್ನಕ್ಕೆ ಬತ್ತಿತ್ತು. ಕೋಲ್ ತೋರ್ಸಿದ್ರೆ ಕೋಲ್ನೇ ನೆಕ್ತದೆ. ಮಾನ ಮರ್ವಾದೆ ಇಲ್ದಿದ್ದು. ಕೊನ್ಗೆ ಅಲ್ಲಿ ಬುಟ್ಮೇಲೆ ನಿಮ್ಮಪ್ಪ ತಿರ್ಗಿ ನೋಡ್ಬ್ಯಾಡ ಅಂದ. ನಾನ್ ನೋಡ್ದೆ. ನಂಗೇನ್ ಜಟಕಾದೋರ್ ಶಾಸ್ತ್ರ?”

“ಬಂತಾ ಹಿಂದೆ?”

“ಎಲ್ಬತ್ತದೆ! ಅಲ್ಲಿ ಹುಲ್ಲು ನೋಡ್ಬಿಟ್ಟು ನಮ್ಮನ್ನ ಮರ್ತೇ ಬುಟ್ವು.” ಹೇಳಿ ಸೆರಗಿನ ಹರಿದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

ಅಪ್ಪ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

ನಾವು ಮಾಡಿದ್ದು ಸರಿಯೇ ಎಂದು ಕೇಳಿದರೆ ಹೌದೆನ್ನಲಾರೆ. ನಮ್ಮ ತೊಂದರೆಯನ್ನು ಇನ್ನೊಬ್ಬರ ಹುಲ್ಲಿಗೆ ಬಿಟ್ಟುಬಂದೆವು. ಹೆಸರಘಟ್ಟದ ಕಡೆಯ ಕುರಿಯವರು ಮುಂದಿನ ವರ್ಷಗಳಲ್ಲಿ ಅವನ್ನು ಶಪಿಸಿದರೆಂದು ಕೇಳಿದ್ದೇನೆ. ಬಯಲಿನ ತಗ್ಗುಗಳಲ್ಲಿ ಹುಲ್ಲು ಬೋಳಾಯಿತಂತೆ, ಕೆಲವನ್ನು ಹಿಡಿದು ಎಲ್ಲಿಗೋ ಸಾಗಿಸಿದರಂತೆ. ನಮ್ಮ ಗೋಮಾಳದಲ್ಲಿ ಒಳ್ಳೆಯ ಹುಲ್ಲು ಮತ್ತೆ ಬರಲು ಎರಡು ಮಳೆಗಾಲ ಬೇಕಾಯಿತು. ಯಾರೋ ಎಲ್ಲಿಂದಲೋ ರೈಲಿನಲ್ಲಿ ತಂದು, ದುಡಿಸಿಕೊಂಡು, ಬೇಡವೆಂದು ಬಿಟ್ಟರು. ಅವು ಬದುಕಲು ನೋಡಿದವು. ತಪ್ಪು ಕುದುರೆಯದ್ದಲ್ಲ. ಬಾಟನಿಯಲ್ಲಿ ಹುಲ್ಲಿನ ಜಾತಿಗಳನ್ನು ಓದುವಾಗ ಪುಸ್ತಕದ ಚಿತ್ರಕ್ಕಿಂತ ಮೊದಲು ನನ್ನ ಕಣ್ಣಿಗೆ ಬರುತ್ತಿದ್ದದ್ದು ಬುಡಕ್ಕೆ ಕತ್ತರಿಸಿದ ನಮ್ಮ ಗೋಮಾಳ.

ಹಾಲ್ ಟಿಕೆಟ್ ಬಂತು. ಪರೀಕ್ಷೆ ಬರೆದೆ. ಸೆಕೆಂಡ್ ಕ್ಲಾಸಿನಲ್ಲಿ ಪಾಸಾದೆ. ಕೆಮಿಸ್ಟ್ರಿಯಲ್ಲಿ ಅಂಚಿನಲ್ಲಿ ಉಳಿದುಕೊಂಡೆ, ಬಾಟನಿ ಕೈಹಿಡಿಯಿತು. ಘಟಿಕೋತ್ಸವಕ್ಕೆ ಬೇಕಾದ ಗೌನು, ಉಡುಪು ಎಲ್ಲ ನಮ್ಮಿಂದಾಗದ್ದು, ನಾನು ಹೋಗಲಿಲ್ಲ. ಸರ್ಟಿಫಿಕೇಟು ಕಾಲೇಜಿನ ಆಫೀಸಿಗೆ ಬಂದಿದೆಯೆಂದು ಕಾಗದ ಬಂದ ದಿನ ಅಪ್ಪ ತಾನೂ ಬರುತ್ತೇನೆಂದ. ಅಮ್ಮ ಒಗೆದು ಮಡಿಸಿಟ್ಟಿದ್ದ ಅಂಗಿ ಹಾಕಿಕೊಂಡ. ಸ್ಟೇಷನ್ನಿಗೆ ನಡೆಯಲು ಎರಡು ಗಂಟೆ ಹಿಡಿಯಿತು, ಮೂರು ಕಡೆ ಕೂತೆದ್ದೆವು. ರೈಲಿನಲ್ಲಿ ಕಿಟಕಿ ಪಕ್ಕ ಕೂರಿಸಿದೆ. ಯಶವಂತಪುರ ಬರುವವರೆಗೆ ಹೊರಗಿನ ಬಯಲನ್ನೇ ನೋಡುತ್ತಿದ್ದ.

ಆಫೀಸಿನಲ್ಲಿ ಅದೇ ಗುಮಾಸ್ತರು. “ಓಹೋ, ಕುದುರೆ ಕಾಯೋರು!” ಎಂದು ನಕ್ಕು, ರಿಜಿಸ್ಟರಿನಲ್ಲಿ ನನ್ನ ಸಹಿ ಹಾಕಿಸಿಕೊಂಡರು. ಉದ್ದದ ಲಕೋಟೆಯಿಂದ ಸರ್ಟಿಫಿಕೇಟು ತೆಗೆದು, ಹೆಸರು ಓದಿ, ಹಿರಿಯರು ನಿಂತಿದ್ದಾರಲ್ಲ ಎಂದು ಕೌಂಟರಿನ ಮೇಲಿಂದ ಅಪ್ಪನ ಕಡೆ ಚಾಚಿದರು. “ತಗೊಳಿ ಯಜಮಾನ್ರೇ, ನಿಮ್ ಮಗಳದ್ದು.”

ಅಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ. ಗುಮಾಸ್ತರ ಕೈ ಗಾಳಿಯಲ್ಲೇ ನಿಂತಿತು.

“ನನ್ಗಲ್ಲ ಸ್ವಾಮಿ, ಓದಿದ್ದು ಅವ್ಳು. ಅವ್ಳ್ ಕೈಗ್ ಕೊಡಿ. ನಾನ್ ನೋಡ್ಬೇಕು.”